ಫಾರಿನ್ ಮಿಸ್ ಓದದ ಕಾಗದ

ಫಾರಿನ್ ಮಿಸ್ ಎಂಬ ಹೆಸರನ್ನು ಅವಳಿಗೆ ಇಟ್ಟವರು ಮಕ್ಕಳಲ್ಲ, ಸ್ಟಾಫ್ ರೂಮಿನವರು. ಮಕ್ಕಳು ಇಟ್ಟಿದ್ದರೆ ಅದರಲ್ಲಿ ಒಂದಿಷ್ಟು ಪ್ರೀತಿಯಾದರೂ ಇರುತ್ತಿತ್ತು. ಲಿಫ್ಟ್ ಮೆಕ್ಯಾನಿಕ್ ಗಂಡನ ಜೊತೆ ಪರದೇಶಕ್ಕೆ ಹೋದವಳು, ಸುಮ್ಮನೆ ಮನೆಯಲ್ಲಿ ಕೂರಲಾರದೆ ಅಲ್ಲಿ ಎರಡು ವರ್ಷ ಶಿಕ್ಷಕರ ತರಬೇತಿ ಮುಗಿಸಿದಳು. ಆರು ವರ್ಷ ಅಲ್ಲಿನ ಮಕ್ಕಳಿಗೆ ಲೆಕ್ಕ ಕಲಿಸಿದಳು. ಗಂಡನ ಕಂಪನಿ ಬಾಗಿಲು ಹಾಕಿದ ವರ್ಷ ಇಬ್ಬರೂ ಊರಿಗೆ ವಾಪಸಾದರು. ಗಂಡನಿಗೆ ಹದಿನೈದೇ ದಿನದಲ್ಲಿ ಕೆಲಸ ಸಿಕ್ಕಿತು. ಲಿಫ್ಟು ಎಲ್ಲಿ ಕೆಟ್ಟರೂ ಕೆಟ್ಟದ್ದೇ, ಅದನ್ನು ರಿಪೇರಿ ಮಾಡುವವನು ಎಲ್ಲಿ ಕಲಿತ ಎಂದು ಯಾರೂ ಕೇಳುವುದಿಲ್ಲ. ಟೀಚರ್‌ಗಳ ಕತೆ ಬೇರೆ. ಹಿತ್ತಲ ಗಿಡ ಮದ್ದಲ್ಲ ಎಂದು ಮೂಗು ಮುರಿಯುವ ಜನವೇ ಹೊರಗಿನಿಂದ ಬಂದ ಗಿಡವನ್ನೂ ಮೂಸಿ ನೋಡಿ ಪಕ್ಕಕ್ಕಿಟ್ಟರು.

ಇಲಾಖೆಯ ನಿಯಮ ಹೀಗಿತ್ತು. ಹೊರದೇಶದಲ್ಲಿ ತರಬೇತಿ ಪಡೆದವರಿಗೆ ಮೂರು ವರ್ಷದ ತಾತ್ಕಾಲಿಕ ನೋಂದಣಿ. ಆ ಮೂರು ವರ್ಷ ಯಾವುದಾದರೊಂದು ಶಾಲೆಯಲ್ಲಿ ಹಿರಿಯ ಶಿಕ್ಷಕರೊಬ್ಬರ ಕೈಕೆಳಗೆ ಸಹಾಯಕಿಯಾಗಿ ಇರಬೇಕು. ಅಷ್ಟರೊಳಗೆ ಯಾವುದಾದರೂ ಶಾಲೆ ಅವರನ್ನು ಖಾಯಂ ಶಿಕ್ಷಕಿಯಾಗಿ ತೆಗೆದುಕೊಂಡರೆ ಸರಿ. ಇಲ್ಲದಿದ್ದರೆ ನೋಂದಣಿ ರದ್ದು, ತರಬೇತಿ ಮತ್ತೆ ಮೊದಲಿನಿಂದ. ನಲವತ್ತು ದಾಟಿದವರಿಗೆ ತರಬೇತಿ ಕಾಲೇಜಿನಲ್ಲಿ ಸೀಟು ಕೊಡುವುದಿಲ್ಲ. ನೋಂದಣಿಯ ಮೂರನೇ ವರ್ಷ ಅವಳಿಗೆ ನಲವತ್ತೊಂದು ನಡೆಯುತ್ತಿತ್ತು. ಅಂದರೆ ಆ ವರ್ಷ ಕೆಲಸ ಸಿಗದಿದ್ದರೆ ಜೀವಮಾನದಲ್ಲಿ ಇನ್ನು ಕರಿಹಲಗೆ ಮುಟ್ಟುವಂತಿಲ್ಲ. ಇಷ್ಟು ಸರಳ.

ಸಹಾಯಕಿಯಾಗಿ ಅವಳನ್ನು ಹಾಕಿದ್ದು ನಾಲ್ಕನೇ ತರಗತಿಗೆ, ದೊಡ್ಡ ಮಿಸ್ ಕೈಕೆಳಗೆ. ದೊಡ್ಡ ಮಿಸ್ ಆ ಶಾಲೆಗೆ ಆಗಲೇ ಮೂವತ್ತೊಂದು ವರ್ಷದ ಹಳಬರು. ಹೆಡ್‌ಮಾಸ್ಟರೇ ಅವರ ಕೈಯಲ್ಲಿ ಕಿವಿ ಹಿಂಡಿಸಿಕೊಂಡ ಹುಡುಗ. ಎತ್ತರದ ಆಳು, ಗಂಜಿ ಹಾಕಿ ಇಸ್ತ್ರಿ ಮಾಡಿದ ಸೀರೆ, ಮೂಗಿನ ಮೇಲೆ ದಪ್ಪ ಕನ್ನಡಕ. ಪಾಠಗಳೆಲ್ಲ ಬಾಯಿಪಾಠ. ಬೆಂಚುಗಳ ಅಂಚಿಗೆ ಬೆರಳು ತಾಗಿಸಿಕೊಂಡು ತರಗತಿಯ ಉದ್ದಕ್ಕೂ ನಡೆಯುತ್ತ ಪದ್ಯ ಹೇಳಿದರೆ ಪಕ್ಕದ ತರಗತಿಯ ಮಕ್ಕಳೂ ಸುಮ್ಮನಾಗುತ್ತಿದ್ದರು. ಮೊದಲ ದಿನವೇ ಅವಳ ಕೈ ಹಿಡಿದು, "ಫಾರಿನ್ನೋ ಗೀರಿನ್ನೋ, ಮಕ್ಕಳು ಎಲ್ಲಾ ಕಡೆ ಮಕ್ಕಳೇ ಕಣಮ್ಮ. ನೀನು ಹೆದರ್ಬೇಡ, ನಾನಿದ್ದೀನಿ," ಎಂದರು. ಊರಿಗೆ ಬಂದ ಮೇಲೆ ಅವಳಿಗೆ ಹಾಗೆ ಹೇಳಿದವರು ಅವರೊಬ್ಬರೇ. ಅವಳಿಗೆ ಕಣ್ಣಲ್ಲಿ ನೀರು ಬಂತು.

ಮೂರನೇ ತಿಂಗಳಲ್ಲಿ ಅವಳಿಗೆ ವಿಷಯ ಗೊತ್ತಾಯಿತು. ದೊಡ್ಡ ಮಿಸ್ ತಿದ್ದಿ ಕಳಿಸಿದ್ದ ನೋಟ್‌ಬುಕ್ಕುಗಳನ್ನು ಹಂಚುತ್ತಿದ್ದಾಗ ಒಂದು ಪುಟದಲ್ಲಿ ಏನೂ ಬರೆದಿರಲಿಲ್ಲ, ಪೂರಾ ಖಾಲಿ. ಆ ಖಾಲಿ ಪುಟದ ಮೇಲೆ ಕೆಂಪು ಶಾಯಿಯಲ್ಲಿ ದೊಡ್ಡದೊಂದು ಸರಿ ಗುರುತು, ಪಕ್ಕದಲ್ಲಿ 'ಶಹಬ್ಬಾಸ್'. ಅದೃಷ್ಟವಂತ ಹುಡುಗ ಹಲ್ಲು ಕಿರಿದ. ಅವಳು ನಗಲಿಲ್ಲ. ಅಂದು ಸಂಜೆ ಉಳಿದ ನೋಟ್‌ಬುಕ್ಕುಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಮನೆಗೆ ಒಯ್ದು ತಿದ್ದಿ ತಂದಳು. ಎರಡು ದಿನ ಬಿಟ್ಟು ದೊಡ್ಡ ಮಿಸ್ ಒಂದು ಸುತ್ತೋಲೆಯನ್ನು ಅವಳತ್ತ ಚಾಚಿ, "ಮಗಳೇ, ಇದನ್ನ ಸ್ವಲ್ಪ ಓದ್ತೀಯಾ, ಕನ್ನಡಕ ಮರೆತು ಬಂದೆ," ಎಂದರು. ಕನ್ನಡಕ ಮೂಗಿನ ಮೇಲೇ ಇತ್ತು.

ದೊಡ್ಡ ಮಿಸ್‌ಗೆ ನೋಟದ ನಡುಭಾಗ ಪೂರ್ತಿ ಮಸುಕಾಗಿತ್ತು, ಅಂಚು ಮಾತ್ರ ಉಳಿದಿತ್ತು. ನಡೆಯಲು, ಬಾಗಿಲು ಹುಡುಕಲು ಅಷ್ಟು ಸಾಕು. ಅಕ್ಷರಕ್ಕೆ ಸಾಲದು. ಇಲಾಖೆಗೆ ತಿಳಿದರೆ ವೈದ್ಯರ ಮುಂದೆ ನಿಲ್ಲಿಸಿ, 'ಅನರ್ಹ' ಎಂದು ಬರೆದು, ವರ್ಷದ ಮಧ್ಯದಲ್ಲೇ ಮನೆಗೆ ಕಳಿಸುತ್ತಾರೆ. ಮೂವತ್ತೊಂದು ವರ್ಷ ಕಲಿಸಿದವರ ಕಡತದಲ್ಲಿ ಕೊನೆಯ ಪದ ಅದಾಗುವುದು ಅವರಿಗೆ ಸಾವಿಗಿಂತ ಹೆಚ್ಚು. ಫಾರಿನ್ ಮಿಸ್‌ಗೂ ಅದು ಸರಿ ಕಾಣಲಿಲ್ಲ. ಅಲ್ಲಿಂದಾಚೆ ಕರಿಹಲಗೆ ಅವಳದು, ನೋಟ್‌ಬುಕ್ಕು ಅವಳದು, ಪ್ರಶ್ನೆಪತ್ರಿಕೆ, ಹಾಜರಿ, ಪ್ರಗತಿಪತ್ರ ಎಲ್ಲವೂ ಅವಳದು. ಪಾಠ ಟಿಪ್ಪಣಿಯನ್ನು ಅವಳೇ ಬರೆದು, ಸಹಿ ಮಾಡುವ ಜಾಗಕ್ಕೆ ದೊಡ್ಡ ಮಿಸ್ ಅವರ ಬೆರಳನ್ನು ತಂದಿಡುತ್ತಿದ್ದಳು. ಆ ಮೇಜಿಗೆ ಬಂದ ಪ್ರತಿಯೊಂದು ಕಾಗದವನ್ನೂ ಅವರ ಕಿವಿಗೆ ಓದಿ ಹೇಳುತ್ತಿದ್ದಳು. ಮನೆಯಲ್ಲಿ ಅತ್ತೆ ಗೊಣಗುತ್ತಿದ್ದರು. "ಊರ ಉಸಾಬರಿ ಹೊತ್ಕೊಂಡು ಓಡಾಡ್ತೀಯಲ್ಲೇ, ನಿನ್ನ ಉಸಾಬರಿ ಯಾರು ನೋಡ್ತಾರೆ?"

"ಅವರು ನನಗೆ ತಾಯಿ ಇದ್ದ ಹಾಗೆ ಅತ್ತೆ."

"ತಾಯಿ ಇದ್ದ ಹಾಗೆ ಇರೋರು ಬೇಕಾದಷ್ಟು ಜನ ಸಿಗ್ತಾರೆ ಬಿಡು," ಎಂದರು ಅತ್ತೆ, ತಾವೂ ಅದೇ ಸಾಲಿನವರು ಎಂಬುದನ್ನು ಮರೆತು.

ಇತ್ತ ಕೆಲಸಕ್ಕೆ ಅರ್ಜಿ ಹಾಕುವುದೂ ನಡೆದಿತ್ತು. ಮೂರು ವರ್ಷದಲ್ಲಿ ಒಂಬತ್ತು ಶಾಲೆ. ಎಲ್ಲ ಕಡೆಯೂ ಒಂದೇ ಬಗೆ. ಮೊದಲು ಕಾಗದ ನೋಡಿ ಹುಬ್ಬು ಗಂಟಿಕ್ಕುವುದು, "ಇದು ಯಾವ ಭಾಷೆ ಮೊಹರು?" ಎಂದು ಕೇಳುವುದು, ಆಮೇಲೆ ಡೆಮೊ ಪಾಠ ಮಾಡಲು ಹೇಳುವುದು. ಪಾಠ ಮಾಡಿದರೆ ಹುಬ್ಬು ತಾನೇ ಇಳಿಯುತ್ತಿತ್ತು. ಭಾಗಾಕಾರದ ಶೇಷವನ್ನು ಅವಳು ಕಲಿಸುವ ರೀತಿಯೇ ಬೇರೆ. ಮಕ್ಕಳನ್ನು ನಾಲ್ಕು ನಾಲ್ಕು ಜನರ ಗುಂಪು ಮಾಡಿ ನಿಲ್ಲಿಸುವಳು, ಮಿಕ್ಕ ಇಬ್ಬರು ಮುಖ ಸಣ್ಣದು ಮಾಡಿಕೊಂಡು ನಿಲ್ಲುವರು. ಅವರ ಕೈಗೆ ಸೀಮೆಸುಣ್ಣ ಕೊಟ್ಟು, "ಉತ್ತರ ಬರೆಯೋರು ಇವರೇ, ಇವರಿಲ್ದೆ ಲೆಕ್ಕ ಮುಗಿಯಲ್ಲ," ಎನ್ನುವಳು. ಎಲ್ಲರಿಗೂ ಶೇಷವಾಗುವ ಆಸೆ ಹುಟ್ಟುತ್ತಿತ್ತು. ಹಿಂದಿನ ಬೆಂಚಿನಲ್ಲಿ ಕೂತ ಹೆಡ್‌ಮಾಸ್ಟರುಗಳು ತಲೆದೂಗುತ್ತಿದ್ದರು, ಕೈ ಕುಲುಕುತ್ತಿದ್ದರು, "ಇಲಾಖೆಯಿಂದ ನಿಮ್ಮ ಗೌಪ್ಯ ವರದಿ ತರಿಸ್ಕೊಂಡು ತಿಳಿಸ್ತೀವಿ," ಎನ್ನುತ್ತಿದ್ದರು. ಆಮೇಲೆ ಸುದ್ದಿಯೇ ಇಲ್ಲ.

ಪ್ರತಿ ಸಲವೂ ದೊಡ್ಡ ಮಿಸ್ ಬೆನ್ನು ಸವರಿ, "ಅವರಿಗೆ ಯೋಗ್ಯತೆ ಇಲ್ಲ ಬಿಡು ಮಗಳೇ. ಇನ್ನೊಂದು ಕಡೆ ಹಾಕು," ಎನ್ನುತ್ತಿದ್ದರು. ಗೌಪ್ಯ ವರದಿ ಎಂದರೆ ಮೇಲ್ವಿಚಾರಣೆಯ ಶಿಕ್ಷಕಿ ವರ್ಷಕ್ಕೊಮ್ಮೆ ಇಲಾಖೆಗೆ ಕಳಿಸುವ ಫಾರಂ. ಅವಳ ಬಗ್ಗೆ ಬರೆಯಬೇಕಾದವರು ದೊಡ್ಡ ಮಿಸ್. ಹಾಗಾಗಿ ಅದರ ಬಗ್ಗೆ ಅವಳು ತಲೆ ಕೆಡಿಸಿಕೊಂಡಿರಲೇ ಇಲ್ಲ.

ಒಂಬತ್ತನೇ ಶಾಲೆಯಿಂದ ತನ್ನ ಮೂಲ ಪ್ರಮಾಣಪತ್ರಗಳನ್ನು ವಾಪಸ್ ತರಲು ಹೋದ ದಿನ ಅಲ್ಲಿನ ಕಚೇರಿಯಲ್ಲಿ ಏನೋ ಗಡಿಬಿಡಿ. ಗುಮಾಸ್ತೆ ಫೋನಿನಲ್ಲಿ ಯಾರಿಗೋ ಬೈಯುತ್ತಲೇ ಅವಳ ಹೆಸರಿನ ಕಡತವನ್ನು ಇಡಿಯಾಗಿ ಎತ್ತಿ ಕಿಟಕಿಯಿಂದ ಆಚೆ ತಳ್ಳಿದಳು. ಬಸ್ ನಿಲ್ದಾಣದಲ್ಲಿ ಕೂತು ಎಲ್ಲ ಇದೆಯೇ ಎಂದು ನೋಡುವಾಗ, ಪ್ರಮಾಣಪತ್ರಗಳ ನಡುವೆ ತನ್ನದಲ್ಲದ ಒಂದು ಹಾಳೆ ಸಿಕ್ಕಿತು. ಮೇಲೆ 'ಗೌಪ್ಯ' ಎಂಬ ಮೊಹರು. ಆ ವರ್ಷದ ವರದಿ. ಹನ್ನೊಂದು ಪ್ರಶ್ನೆ. ನಡತೆ: ಉತ್ತಮ. ಸಮಯಪಾಲನೆ: ಅತ್ಯುತ್ತಮ. ಏಳನೇ ಪ್ರಶ್ನೆ: 'ಇವರು ಸ್ವತಂತ್ರವಾಗಿ ತರಗತಿ ನಡೆಸಬಲ್ಲರೇ?' ಉತ್ತರ: 'ಇಲ್ಲ. ಮೇಲ್ವಿಚಾರಣೆಯಿಲ್ಲದೆ ತರಗತಿ ಇವರ ಕೈಯಲ್ಲಿ ನಿಲ್ಲುವುದಿಲ್ಲ. ಹೊರದೇಶದ ತರಬೇತಿ ಇಲ್ಲಿಗೆ ಹೊಂದುತ್ತಿಲ್ಲ. ಇನ್ನೂ ಕೆಲಕಾಲ ನನ್ನ ಕೈಕೆಳಗೆ ಇರುವುದು ಸೂಕ್ತ.'

ಕೆಳಗೆ ದೊಡ್ಡ ಮಿಸ್ ಸಹಿ, ಎಂದಿನಂತೆ ಸ್ವಲ್ಪ ಮೇಲಕ್ಕೆ ಹತ್ತಿದ್ದು. ಅಕ್ಷರ ಮಾತ್ರ ತಮ್ಮ ಶಾಲೆಯ ಗುಮಾಸ್ತನದು. ದಿನಾ ಹನ್ನೊಂದು ಗಂಟೆಗೆ ಅವಳ ಜೊತೆ ಟೀ ಕುಡಿಯುವ, ಅವಳ ಕಷ್ಟಸುಖ ವಿಚಾರಿಸುವ ಗುಮಾಸ್ತ. ಮೂರು ವರ್ಷ ಆ ಮೇಜಿನ ಒಂದೊಂದು ಚೀಟಿಯನ್ನೂ ಅವಳು ಓದಿದ್ದಳು. ಓದದೇ ಉಳಿದದ್ದು ತನ್ನ ಬಗ್ಗೆ ಬರೆದದ್ದು ಮಾತ್ರ. ಅದನ್ನು ಓದಲು, ಬರೆಯಲು ದೊಡ್ಡ ಮಿಸ್ ನೆನಪಿಟ್ಟುಕೊಂಡು ಬೇರೆ ಆಳು ಹುಡುಕಿಕೊಂಡಿದ್ದರು. ಎರಡು ಬಸ್ಸು ಬಂದು ಹೋದವು. ಅವಳು ಎದ್ದೇಳಲಿಲ್ಲ. ಉಂಡ ಮನೆಗೆ ಎರಡು ಬಗೆಯುವುದು ಎಂದರೆ ಇದೇ ಎಂದುಕೊಂಡಳು. ಆದರೆ ಇಲ್ಲಿ ಉಂಡವರು ಯಾರು, ಬಡಿಸಿದವರು ಯಾರು?

ಮರುದಿನ ಶಾಲೆ ಬಿಟ್ಟ ಮೇಲೆ, ಮಕ್ಕಳೆಲ್ಲ ಹೋಗಿ ತರಗತಿ ಖಾಲಿಯಾದಾಗ, ಅವಳು ಆ ಹಾಳೆಯನ್ನು ತೆಗೆದಳು. ಕಾಗದದ ಸದ್ದು ಕೇಳಿ ದೊಡ್ಡ ಮಿಸ್ ತಲೆ ಎತ್ತಿದರು.

"ಏನೇ ಅದು ಕಾಗದ? ಓದು ನೋಡೋಣ."

ಅವಳು ಓದಿದಳು. ಎಲ್ಲ ಕಾಗದಗಳನ್ನು ಓದುವ ಹಾಗೆಯೇ, ನಿಧಾನವಾಗಿ, ಪ್ರಶ್ನೆ ಮೊದಲು, ಉತ್ತರ ಆಮೇಲೆ. ಮೂರನೇ ಪ್ರಶ್ನೆಗೆ ಬರುವಷ್ಟರಲ್ಲಿ ದೊಡ್ಡ ಮಿಸ್‌ಗೆ ಗೊತ್ತಾಗಿಹೋಗಿತ್ತು. ಏಳನೇ ಉತ್ತರ ಮುಗಿದಾಗ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಮೂರು ವರ್ಷವೂ ಇದನ್ನೇ ಬರೆಸಿದ್ರಾ ಮಿಸ್?"

"ಮೊದಲ್ನೇ ವರ್ಷ ಒಳ್ಳೇದೇ ಬರೆಸ್ಬೇಕು ಅಂತಿದ್ದೆ ಕಣೇ." ಅವರ ದನಿ ಸಣ್ಣಗಾಯಿತು. "ಅಷ್ಟರಲ್ಲಿ ನೋಟ್‌ಬುಕ್ ತಿದ್ದಕ್ಕೆ ಶುರು ಮಾಡಿದ್ದೆ ನೀನು. ನೀನು ಹೋಗ್ಬಿಟ್ರೆ ನನ್ನ ಗತಿ? ಒಂದು ವಾರಕ್ಕೆ ಎಲ್ಲಾ ಬಯಲಾಗ್ತಿತ್ತು. ಇನ್ನು ನಾಲ್ಕೇ ತಿಂಗಳು ಮಗಳೇ, ನಿವೃತ್ತಿ ಆದ ಮಾರನೇ ದಿನವೇ ನಿನಗೆ ಚಿನ್ನದಂಥ ವರದಿ ಬರೆಸ್ತಿದ್ದೆ."

"ನನ್ನ ನೋಂದಣಿ ಈ ತಿಂಗಳ ಕೊನೆಗೆ ಮುಗಿಯುತ್ತೆ. ಇಲಾಖೆಯಿಂದ ಆ ಕಾಗದ ಬಂದಾಗ ನಿಮಗೆ ಓದಿ ಹೇಳಿದ್ದೂ ನಾನೇ."

ದೊಡ್ಡ ಮಿಸ್ ಅಳತೊಡಗಿದರು. ಅಷ್ಟು ಎತ್ತರದ ಹೆಂಗಸು ನಾಲ್ಕನೇ ತರಗತಿಯ ಬೆಂಚಿನ ಮೇಲೆ ಕುಸಿದು ಕೂತು ಸೆರಗಲ್ಲಿ ಮುಖ ಮುಚ್ಚಿಕೊಂಡಾಗ ಅವಳಿಗೆ ಕೂಗಾಡಲು ಬಾಯಿ ಬರಲಿಲ್ಲ. ಬರಬೇಕಿತ್ತು. ಅವಳ ಜಾಗದಲ್ಲಿ ಅತ್ತೆ ಇದ್ದಿದ್ದರೆ ಶಾಲೆಯ ಹೆಂಚು ಹಾರಿಹೋಗುತ್ತಿತ್ತು.

ಅವಳು ಅರ್ಜಿ ಹಾಕಿದ್ದ ಹತ್ತನೇ ಶಾಲೆಯೊಂದು ಉಳಿದಿತ್ತು. ಅಂದು ಬೆಳಿಗ್ಗೆಯಷ್ಟೇ ಅಲ್ಲಿನ ಮುಖ್ಯೋಪಾಧ್ಯಾಯಿನಿ ಡೆಮೊ ಪಾಠ ನೋಡಿ, ಶೇಷ ಯಾರಾಗಬೇಕೆಂದು ಮಕ್ಕಳು ಜಗಳವಾಡಿದ್ದನ್ನೂ ನೋಡಿ, ಉಳಿದವರ ಹಾಗೆ ಸುಮ್ಮನಾಗದೆ ಕರೆದು ನೇರವಾಗಿ ಹೇಳಿದ್ದರು. "ನಿಮ್ಮ ವರದಿ ಚೆನ್ನಾಗಿಲ್ಲ. ಆದ್ರೆ ನಾನು ಕಣ್ಣಾರೆ ಕಂಡಿದ್ದು ಬೇರೆ. ಏನು ಬರೆದಿದ್ದಾರೆ ಅಂತ ಹೇಳೋ ಹಾಗಿಲ್ಲ. ನಿಮ್ಮ ಹಿರಿಯ ಟೀಚರ್ ಹತ್ರ ಇನ್ನೊಂದು ಪತ್ರ ಬರೆಸ್ಕೊಂಡು ಬನ್ನಿ. ಶುಕ್ರವಾರದೊಳಗೆ ಆದೇಶಕ್ಕೆ ಸಹಿ ಹಾಕ್ತೀನಿ." ಶುಕ್ರವಾರವೇ ತಿಂಗಳ ಕೊನೆ.

ಇದನ್ನು ಅವಳ ಬಾಯಲ್ಲಿ ಕೇಳಿದ್ದೇ ದೊಡ್ಡ ಮಿಸ್ ಕಣ್ಣೊರೆಸಿಕೊಂಡು, "ತಗೋ ಹಾಳೆ, ಬರ್ಕೋ," ಎಂದರು. ಹೇಳುತ್ತಾ ಹೋದರು. ಇಂಥ ಶಿಕ್ಷಕಿಯನ್ನು ಮೂವತ್ತನಾಲ್ಕು ವರ್ಷದಲ್ಲಿ ಕಂಡಿಲ್ಲ ಎಂದರು. ತರಗತಿಯನ್ನು ಒಬ್ಬಳೇ ನಡೆಸಬಲ್ಲಳು, ನಡೆಸಿದ್ದಾಳೆ ಎಂದರು. ಹಿಂದಿನ ವರದಿಯಲ್ಲಿ ನನ್ನಿಂದ ತಪ್ಪಾಗಿದೆ ಎಂದೂ ಬರೆಸಿದರು. ಅವಳು ಬರೆದಳು. ಸಹಿಯ ಜಾಗಕ್ಕೆ ಬೆರಳು ತಂದಿಟ್ಟಳು. ಸಹಿ ಎಂದಿನಂತೆ ಮೇಲಕ್ಕೆ ಹತ್ತಿತು. ತನ್ನ ಹೊಗಳಿಕೆಯನ್ನು ತಾನೇ ಬರೆಯುತ್ತಿದ್ದೇನೆ ಎಂಬುದು ಅವಳಿಗೆ ಹೊಳೆಯಲೇ ಇಲ್ಲ. ದೊಡ್ಡ ಮಿಸ್ ಹೇಳುವುದು, ಅವಳು ಬರೆಯುವುದು, ಮೂರು ವರ್ಷದಿಂದ ನಡೆದು ಬಂದ ರೂಢಿ. ಇಬ್ಬರಿಗೂ ಅದರಲ್ಲಿ ಹೊಸತೇನೂ ಕಾಣಲಿಲ್ಲ.

ಆ ರಾತ್ರಿ ಗಂಡನಿಗೆ ಎಲ್ಲ ಹೇಳಿದಳು. ಅವನು ಅನ್ನ ಕಲಸುವುದನ್ನು ನಿಲ್ಲಿಸಿ, "ಇನ್ನೂ ಅವರನ್ನ ನಂಬ್ತೀಯಾ?" ಎಂದ.

"ಅತ್ತುಬಿಟ್ರು ಕಣ್ರೀ."

"ಹೂಂ," ಎಂದು ಅವನು ಮತ್ತೆ ತಟ್ಟೆ ನೋಡಿದ.

ಗುರುವಾರ ಬೆಳಿಗ್ಗೆ ಹತ್ತನೇ ಶಾಲೆ. ಮುಖ್ಯೋಪಾಧ್ಯಾಯಿನಿಯ ಕೋಣೆಯಲ್ಲಿ ಮೇಜಿನ ತುಂಬ ಕಡತ, ಗೋಡೆಗೆ ವೇಳಾಪಟ್ಟಿ. ಪಟ್ಟಿಯಲ್ಲಿ ನಾಲ್ಕನೇ ತರಗತಿಯ ಗಣಿತದ ಮನೆಗಳು ಐದೂ ದಿನ ಖಾಲಿ ಇದ್ದವು. ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಮುಖ್ಯೋಪಾಧ್ಯಾಯಿನಿ ಪತ್ರ ಓದಿದರು, ಮುಖ ಅರಳಿತು. ಕಡತಕ್ಕೆ ಸೇರಿಸಲು ಅವಳ ಅರ್ಜಿಯನ್ನು ತೆರೆದರು. ಅರ್ಜಿ ನೋಡಿದರು, ಪತ್ರ ನೋಡಿದರು, ಎರಡನ್ನೂ ಅಕ್ಕಪಕ್ಕ ಇಟ್ಟರು.

"ಇದು ಯಾರ ಅಕ್ಷರ?"

ಆಗ ಅವಳಿಗೆ ಹೊಳೆಯಿತು.

"ನನ್ನದೇ ಮೇಡಂ. ಅವರು ಹೇಳಿದ್ರು, ನಾನು ಬರ್ಕೊಂಡೆ. ಸಹಿ ಅವರದೇ."

"ನಿಮ್ಮ ಬಗ್ಗೆ ಬರೆಯೋ ಪತ್ರಾನ ನಿಮ್ಮ ಕೈಲೇ ಯಾಕೆ ಬರೆಸಿದ್ರು? ಅವರ ಕೈಗೇನಾಗಿದೆ?"

ಕೈಗೆ ಏನೂ ಆಗಿರಲಿಲ್ಲ. ಕಣ್ಣಿನ ಮಾತು ನಾಲಿಗೆಯ ತುದಿಗೆ ಬಂತು. ನಾಲ್ಕು ತಿಂಗಳು ಉಳಿದಿದೆ, ಅನರ್ಹ ಎಂಬ ಪದ ಕಾಯುತ್ತಿದೆ. ಅವಳು ಆ ಮಾತನ್ನು ನುಂಗಿದಳು. ಇಷ್ಟೆಲ್ಲ ಆದ ಮೇಲೂ ನುಂಗಿದಳು. ಅವಳನ್ನು ಪೆದ್ದಿ ಎನ್ನಬೇಕೋ ಏನೆನ್ನಬೇಕೋ ನನಗಂತೂ ತಿಳಿಯದು.

"ನೀವು ಅವರನ್ನೇ ಕೇಳಿ ಮೇಡಂ. ಅವರು ಹೇಳ್ತಾರೆ," ಎಂದಳು.

ಮುಖ್ಯೋಪಾಧ್ಯಾಯಿನಿ ಫೋನ್ ಮಾಡಿದರು, ಅವಳಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದರು. ಆ ಕಡೆಯ ಕಚೇರಿಯಲ್ಲಿ ಗುಮಾಸ್ತ ಎತ್ತಿಕೊಂಡು ದೊಡ್ಡ ಮಿಸ್ ಅವರನ್ನು ಕರೆತಂದ.

"ನಮಸ್ಕಾರ. ನಿಮ್ಮ ಸಹಾಯಕಿ ಒಂದು ಪತ್ರ ತಂದಿದ್ದಾರೆ, ನೀವು ಕೊಟ್ಟಿದ್ದು ಅಂತ. ಆದ್ರೆ ಅಕ್ಷರ ಪೂರ್ತಿ ಅವರದ್ದೇ. ಅವರ ಕೈಲೇ ಯಾಕೆ ಬರೆಸಿದ್ರಿ?"

ಹಿನ್ನೆಲೆಯಲ್ಲಿ ಯಾರೋ ಕುರ್ಚಿ ಎಳೆದ ಸದ್ದು. ಗುಮಾಸ್ತ ಪಕ್ಕದಲ್ಲೇ ಇದ್ದ, ಹೆಡ್‌ಮಾಸ್ಟರ ಕೋಣೆಯ ಬಾಗಿಲೂ ಅಲ್ಲಿಂದ ನಾಲ್ಕು ಹೆಜ್ಜೆ. ಯಾಕೆ ಎಂಬ ಪ್ರಶ್ನೆಗೆ ನಿಜವಾದ ಉತ್ತರ ಒಂದೇ ಇತ್ತು.

"ಯಾವ ಪತ್ರಮ್ಮ?" ಎಂದರು ದೊಡ್ಡ ಮಿಸ್. ಪದ್ಯ ಹೇಳುವ ಅದೇ ಸ್ಪಷ್ಟ ದನಿ. "ನಾನು ಕೊಟ್ಟಿರೋದು ಒಂದೇ. ಇಲಾಖೆ ಫಾರಂ. ಬೇರೆ ಪತ್ರ ನಾನು ಬರೆಸಿಲ್ಲ."

"ಸಹಿ ಇದೆ."

"ನನಗೆ ಗೊತ್ತಿಲ್ಲ. ಪಾಪ, ಏನೋ ಕಷ್ಟಕ್ಕೆ ಮಾಡಿರ್ಬಹುದು. ದೊಡ್ಡದು ಮಾಡ್ಬೇಡಿ, ಬಿಟ್ಬಿಡಿ."

ಮುಖ್ಯೋಪಾಧ್ಯಾಯಿನಿ ಅವಳನ್ನು ನೋಡಿದರು. ಹೆಚ್ಚು ಕೋಪವೇನೂ ಇರಲಿಲ್ಲ ಆ ನೋಟದಲ್ಲಿ, ಬೇಸರವಿತ್ತು. ಪತ್ರವನ್ನು ಕಡತದಿಂದ ಬಿಡಿಸಿ ಅವಳ ಮುಂದೆ ಸರಿಸಿದರು.

ಪಾಪ ಎಂಬ ಆ ಪದವನ್ನು ಅವಳಿಗೆ ತಡೆಯಲಾಗಲಿಲ್ಲ. ಸುಳ್ಳನ್ನಾದರೂ ತಡೆದುಕೊಂಡಾಳು, ಸುಳ್ಳಿನ ಮೇಲೆ ಸುರಿದ ಕನಿಕರವನ್ನು ಹೇಗೆ ತಡೆದುಕೊಳ್ಳುವುದು?

"ಅವರಿಗೆ ಕಣ್ಣು ಕಾಣಿಸಲ್ಲ ಮೇಡಂ," ಎಂದಳು. ದನಿ ತನ್ನದೇ ಎಂದು ನಂಬಲಾಗದಷ್ಟು ಜೋರಾಗಿತ್ತು. "ಮೂರು ವರ್ಷದಿಂದ ಒಂದಕ್ಷರ ಓದಕ್ಕಾಗಲ್ಲ, ಬರೆಯಕ್ಕಾಗಲ್ಲ. ಅದಕ್ಕೇ ನಾನು ಬರೆದೆ. ಆ ತರಗತಿ ನಡೆಸ್ತಿರೋದು ನಾನು. ಒಬ್ಬಳೇ ನಡೆಸ್ತಿದ್ದೀನಿ."

ಫೋನ್ ಇನ್ನೂ ಇಟ್ಟಿರಲಿಲ್ಲ. ಅತ್ತ ಕಡೆ ಉಸಿರೆಳೆದ ಸದ್ದು ಕೇಳಿಸಿತು.

"ಅಯ್ಯೋ ಮಗಳೇ... ಅಲ್ಲೇ ಇದ್ದೀಯೇನೇ ನೀನು? ಎಂಥ ಕೆಲಸ ಮಾಡ್ಬಿಟ್ಟೆ? ನಿನ್ನನ್ನ ನಂಬಿದ್ನಲ್ಲೇ!"

ನಾಟಕವಾಗಿರಲಿಲ್ಲ ಅದು. ದನಿ ನಿಜವಾಗಿ ಒಡೆದಿತ್ತು. ಮೂವತ್ತನಾಲ್ಕು ವರ್ಷದಲ್ಲಿ ಯಾರೂ ಮಾಡದ ದ್ರೋಹ ಈಗ ತಾನೇ ತಮಗಾಗಿದೆ ಎಂಬಂತೆ ಅವರು ಅಳುತ್ತಿದ್ದರು. ಮುಖ್ಯೋಪಾಧ್ಯಾಯಿನಿ ಮೆಲ್ಲಗೆ ಫೋನ್ ಇಟ್ಟರು.

"ನೀವು ಹೇಳಿದ್ದು ನಿಜಾನೇ ಇರ್ಬಹುದಮ್ಮ," ಎಂದರು. "ಆದ್ರೆ ನಾಳೆಯೊಳಗೆ ಅದನ್ನ ಯಾರು ಸಾಬೀತು ಮಾಡ್ತಾರೆ? ಈ ಪತ್ರ ಇಟ್ಕೊಂಡು ನಾನು ಆದೇಶಕ್ಕೆ ಸಹಿ ಹಾಕೋ ಹಾಗಿಲ್ಲ."

ಫಾರಿನ್ ಮಿಸ್ ಪತ್ರವನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಹೊರಗೆ ಬಂದಳು. ಗಂಟೆ ಹೊಡೆದು ಮಕ್ಕಳು ಮೊಗಸಾಲೆಯ ತುಂಬ ನುಗ್ಗಿದರು, ಅವಳನ್ನು ಗುರುತು ಹಿಡಿದ ಒಂದಿಬ್ಬರು "ಮಿಸ್, ಮಿಸ್" ಎಂದು ಕೈಬೀಸಿದರು. ಅವಳು ಗೋಡೆಗೆ ಒರಗಿ ದಾರಿ ಬಿಟ್ಟಳು. ನಾಳೆಯ ನಂತರ ಇಂಥ ಕರೆಗೆ ಓಗೊಡುವ ಹಕ್ಕು ಅವಳಿಗಿಲ್ಲ. ಬಸ್ ನಿಲ್ದಾಣದಲ್ಲಿ ಆ ಹಾಳೆ ಓದಿದ ಗಳಿಗೆಯಿಂದ ಅವಳಿಗೆ ದೊಡ್ಡ ಮಿಸ್‌ಗೆ ಹೇಳಬೇಕಾಗಿದ್ದದ್ದು ಒಂದೇ ಒಂದು ಮಾತು. ಅವರ ಕಣ್ಣೀರು ನೋಡಿ ಹೇಳಿರಲಿಲ್ಲ. 'ನಿಮ್ಮನ್ನ ನಂಬಿದ್ನಲ್ಲ ಮಿಸ್.' ಈಗ ಅದನ್ನೂ ಅವರೇ ಹೇಳಿಬಿಟ್ಟಿದ್ದರು.